ಸವಾರಳು

ಬೈಲಹೊಂಗಲದಲ್ಲಿ ನನ್ನಷ್ಟು ಚೆಂದ ಪುಸ್ತಕ ಕಟ್ಟುವವನು ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಯಾಕೆಂದರೆ ಹೇಳಬೇಕಾದವರೆಲ್ಲ ಒಂದಿಲ್ಲೊಂದು ಕಾರಣಕ್ಕೆ ನನ್ನ ಮೇಲೆ ಸಿಟ್ಟಾಗಿದ್ದಾರೆ. ಒಬ್ಬ ವಕೀಲರು ತಮ್ಮ ಮದುವೆಯ ಫೋಟೋ ಅಲ್ಬಮ್ಮನ್ನು ಬೈಂಡಿಂಗಿಗೆ ಕೊಟ್ಟಿದ್ದರು. ಅದರ ಬೆನ್ನಿಗೆ ಬಂಗಾರದ ಅಕ್ಷರದಲ್ಲಿ ‘ದಂಡ ಸಂಹಿತೆ’ ಎಂದು ಒತ್ತಿ ಕೊಟ್ಟೆ. ಅವರು ನೋಡದೆ ಕಾನೂನು ಪುಸ್ತಕಗಳ ಸಾಲಿನಲ್ಲಿ ಇಟ್ಟುಕೊಂಡರು. ಒಮ್ಮೆ ಕೋರ್ಟಿಗೂ ಒಯ್ದು ನ್ಯಾಯಾಧೀಶರ ಮುಂದೆ ತೆರೆದರಂತೆ ಎಂದು ಊರಲ್ಲೆಲ್ಲ ಸುದ್ದಿಯಾಯಿತು. ಆ ಸುದ್ದಿ ಹುಟ್ಟಿಸಿದವನೂ ನಾನೇ.

ಬೇಸಿಗೆ ಸೂಟಿ ಬಂತೆಂದರೆ ನನಗೆ ಸುಗ್ಗಿ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಶಾಲೆಗಳು ಹರಿದ ಲೈಬ್ರರಿ ಪುಸ್ತಕಗಳನ್ನೆಲ್ಲ ಕಟ್ಟಲು ಕೊಡುತ್ತಿದ್ದವು. ಗೋಣಿಚೀಲದಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದೆ. ತೊಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಕಿತ್ತೂರಿನ ಕಡೆಯ ಒಂದು ಚೀಲದಲ್ಲಿ ಎರಡು ಮಕ್ಕಳ ಕಾದಂಬರಿಗಳು ಸಿಕ್ಕವು. ಒಂದಕ್ಕೆ ಬಾಲವಿರಲಿಲ್ಲ, ಇನ್ನೊಂದಕ್ಕೆ ತಲೆಯಿರಲಿಲ್ಲ. ಎರಡನ್ನೂ ಗೆದ್ದಲು ಸಮಪಾಲಾಗಿ ತಿಂದಿತ್ತು.

ಬಾಲವಿಲ್ಲದ ಪುಸ್ತಕ ನನಗೆ ಗೊತ್ತಿದ್ದದ್ದೇ. ನನ್ನ ಕಾಲದ ಮಕ್ಕಳೆಲ್ಲ ಓದಿದ್ದರು. ಯಾವ ದೇಶದ್ದೋ ಕಥೆಯನ್ನು ಯಾರೋ ಕನ್ನಡಕ್ಕೆ ತಂದದ್ದು. ಒಬ್ಬ ತುಂಟ ಹುಡುಗಿ. ಮರ ಹತ್ತುತ್ತಾಳೆ, ಅಣ್ಣನ ಕುದುರೆಯನ್ನು ಕದ್ದು ಓಡಿಸುತ್ತಾಳೆ, ಎಲ್ಲರಿಂದ ‘ಗಂಡುಬೀರಿ’ ಅನ್ನಿಸಿಕೊಳ್ಳುತ್ತಾಳೆ. ಒಂದು ದಿನ ಹೊಳೆಗೆ ಮಹಾಪೂರ ಬಂದಾಗ ಆಚೆ ದಡದ ಕೋಟೆಗೆ ಸುದ್ದಿ ಮುಟ್ಟಿಸಲು ಯಾರೂ ಇಲ್ಲದೆ ತಾನೇ ಕುದುರೆ ಹತ್ತುತ್ತಾಳೆ. ನನಗೆ ಶಾಲೆಯಲ್ಲಿ ಓದಿದ್ದರ ನೆನಪು ಅಷ್ಟೇ: ಕುದುರೆ, ಹೊಳೆ, ಮಳೆ. ಕೊನೆಯ ಅಧ್ಯಾಯ ಮರೆತೇ ಹೋಗಿತ್ತು. ಗಂಡುಹುಡುಗರಾದ ನಮಗೆ ಕುದುರೆ ಸಾಕಾಗುತ್ತಿತ್ತು. ಕೊನೆಯ ಅಧ್ಯಾಯ ಇದ್ದದ್ದು ಹುಡುಗಿಯರಿಗಾಗಿ.

ತಲೆಯಿಲ್ಲದ ಪುಸ್ತಕ ಹುಡುಗರ ಸಾಹಸದ ಕಥೆ. ಅದರ ಕೊನೆಗೂ ಒಂದು ಹೊಳೆ, ಒಂದು ಕುದುರೆ, ಒಂದು ಕೋಟೆ. ಆ ಕಾಲದ ಮಕ್ಕಳ ಪುಸ್ತಕಗಳಲ್ಲಿ ಹೊಳೆ ಕುದುರೆ ಕೋಟೆಗಳಿಗೆ ಬರವಿರಲಿಲ್ಲ. ಹುಡುಗ ವೇಷ ಮರೆಸಿಕೊಂಡಿರುವುದರಿಂದ ಅವನ ಹೆಸರು ಬರುವುದೇ ಇಲ್ಲ, ಎಲ್ಲ ಕಡೆ ಬರೀ ‘ಸವಾರನು’. ಸವಾರನು ಹೊಳೆಗೆ ಇಳಿದನು, ಸವಾರನು ದಡ ಏರಿದನು, ಕೋಟೆಯ ಒಡೆಯ ಸವಾರನನ್ನು ತನ್ನ ಕುದುರೆ ಪಡೆಯ ನಾಯಕನನ್ನಾಗಿ ಮಾಡಿದನು. ಎರಡೂ ಒಂದೇ ಮುದ್ರಣಾಲಯದವು. ಒಂದೇ ಅಳತೆ, ಒಂದೇ ಅಕ್ಷರ. ಪುಸ್ತಕ ಅಚ್ಚಾಗುವುದು ಹದಿನಾರು ಪುಟದ ಮಡಿಕೆಗಳಲ್ಲಿ, ನಮ್ಮ ಕಸುಬಿನಲ್ಲಿ ಅದಕ್ಕೆ ಫಾರಂ ಎನ್ನುತ್ತೇವೆ. ಹುಡುಗಿಯ ಪುಸ್ತಕ ಎಲ್ಲಿ ಹರಿದಿತ್ತೋ ಅಲ್ಲಿಂದಲೇ ಹುಡುಗನ ಕೊನೆಯ ಫಾರಮ್ಮಿನ ಪುಟಸಂಖ್ಯೆ ಶುರುವಾಗುತ್ತಿತ್ತು. ಇಂಥ ಅವಕಾಶವನ್ನು ಬಿಡುವ ಜಾಯಮಾನ ನನ್ನದಲ್ಲ. ಹುಡುಗಿಯ ಮೈಗೆ ಹುಡುಗನ ಬಾಲ ಹೊಲಿದೆ. ಅಂಟಿನ ಖಳಿ ಸವರಿ, ರಟ್ಟು ಹಚ್ಚಿ, ಕೆಂಪು ಬಟ್ಟೆಯ ಬೆನ್ನು ಕೊಟ್ಟೆ. ಹೊಲಿಗೆ ಎಲ್ಲಿ ಕೂಡಿತು ಎಂದು ನನಗೇ ಗೊತ್ತಾಗದ ಹಾಗೆ ಕೂಡಿತು.

ಆ ಸೂಟಿಯಲ್ಲಿ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಮುರಗೋಡದ ಹತ್ತಿರದ ಒಂದು ಹಳ್ಳಿಯವಳು, ಏಳನೆಯ ಇಯತ್ತೆ ಮುಗಿಸಿದ್ದಳು. ಅಂಗಡಿಯಲ್ಲಿ ರಟ್ಟಿನ ಹೊರೆಯ ಮೇಲೆ ಕುಳಿತು, ನಾನು ಕಟ್ಟಿದ ಪುಸ್ತಕದ ಖಳಿ ಒಣಗುವ ಮೊದಲೇ ಓದುತ್ತಿದ್ದಳು. ಈ ಪುಸ್ತಕವನ್ನೂ ಹಿಡಿದಳು. ಸಂಜೆಯ ಹೊತ್ತಿಗೆ ಕೊನೆಯ ಫಾರಂ ಮುಟ್ಟಿದಳು.

“ಮಾಮಾ, ಇಲ್ಲೀತನಾ ಆಕಿ ‘ಹೋದಳು, ಬಂದಳು’ ಅಂತ ಐತಿ. ಹೊಳಿಗೆ ಇಳದಿಂದ ‘ಹೋದನು, ಬಂದನು’ ಆಗೇತಿ. ಯಾಕ?”

“ನೀರಾಗ ನೆಂದ್ರ ಅಕ್ಷರ ಉಬ್ಬತಾವು.”

“ಚಾಷ್ಟಿ ಬ್ಯಾಡೋ ಮಾಮಾ. ಖರೇ ಹೇಳು.”

“ಹಳೇ ಕಾಲದ ಪುಸ್ತಕ ಅದು. ಆಗ ಧೈರ್ಯದ ಕೆಲಸಾ ಮಾಡಿದವ್ರಿಗೆಲ್ಲಾ ‘ನು’ ಹಚ್ಚತಿದ್ರು.”

ಅವಳು ಪುಸ್ತಕದ ಮೇಲೆ ಗಲ್ಲ ಇಟ್ಟು ಯೋಚಿಸಿದಳು. “ಅಪ್ಪಾ ನನಗ ‘ಬಾರೋ, ಹೋಗೋ’ ಅಂತಾನಲ್ಲ, ಹಂಗೇನು?”

“ಹಂಗ ನೋಡು.”

“ಆದ್ರ ಆಕಿ ಹುಡುಗೀನ ಅದಾಳಲ್ಲ. ಹೊಳ್ಯಾಗ ಬಿದ್ದು ಬದಲಾಗಿಲ್ಲಲ್ಲ.”

ಇಷ್ಟು ಹೇಳಿ ನನ್ನ ಜೇಬಿನ ಬಾಲ್‌ಪೆನ್ನು ಕಿತ್ತುಕೊಂಡಳು. ‘ನು’ ಇದ್ದಲ್ಲೆಲ್ಲ ಹೊಡೆದು ಮೇಲೆ ‘ಳು’ ಬರೆಯುತ್ತ ಹೋದಳು. ಇಳಿದಳು, ಏರಿದಳು, ನಕ್ಕಳು. ‘ಸವಾರನು’ ಬಂದಲ್ಲಿ ಪೆನ್ನು ಸ್ವಲ್ಪ ನಿಂತಿತು, ಆಮೇಲೆ ಅಲ್ಲೂ ಬರೆದಳು: ಸವಾರಳು. ನಾನು ಕಟ್ಟಿದ ಸಾವಿರಾರು ಪುಸ್ತಕಗಳಲ್ಲಿ ಎಲ್ಲೂ ಆ ಶಬ್ದ ನೋಡಿರಲಿಲ್ಲ. ಶಾಲೆಯ ಪುಸ್ತಕ ಹಾಳಾಯಿತೆಂದು ಬೈಯಬೇಕಿತ್ತು. ಬೈಯಲಿಲ್ಲ. ಪುಸ್ತಕವನ್ನು ಗೆದ್ದಲು ಪೂರ್ತಿ ಮುಗಿಸಿತೆಂದು ಕಿತ್ತೂರಿಗೆ ಹೇಳಿ ಕಳಿಸಿ, ಅದನ್ನು ಅವಳಿಗೇ ಕೊಟ್ಟುಬಿಟ್ಟೆ.

ಈಗ ನನ್ನ ತಂಗಿಯ ಗಂಡನ ಸಂಗತಿ. ಊರಲ್ಲಿ ಹೊಲಮನೆ ಇದ್ದ ಕುಳ. ನಾನು ಅವನಿಗೆ ‘ಗೌಡ್ರ’ ಎನ್ನುತ್ತಿದ್ದೆ, ಅವನು ನನಗೆ ‘ಸಾವಕಾರ್ರ’ ಎನ್ನುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಚುಚ್ಚುವುದಕ್ಕೇ ಹಾಗೆ ಕರೆಯುತ್ತಿದ್ದೆವು. ಅವನಿಗೆ ಓದಲು ಬರುತ್ತಿದ್ದದ್ದು ಅಷ್ಟಕ್ಕಷ್ಟೆ, ಆದರೆ ಓದಿಸಿ ಕೇಳುವ ಹುಚ್ಚು ಬಹಳ. ಅಚ್ಚಾದ ಅಕ್ಷರವೆಂದರೆ ಅವನಿಗೆ ಸುಳ್ಳಾಗದ ವಸ್ತು. ಊರಿಗೆ ಮರಳಿದ ಮಗಳು ಕಟ್ಟೆಯ ಮೇಲೆ ಕುಳಿತು ದಿನಾ ಸಂಜೆ ಸ್ವಲ್ಪ ಸ್ವಲ್ಪ ಆ ಕಾದಂಬರಿಯನ್ನು ಓದಿ ಹೇಳಿದಳು. ಹೊಳೆ ದಾಟುವ ಭಾಗ ಬಂದಾಗ ಗೌಡ್ರು ಎಲೆ ಅಡಿಕೆ ಅಗಿಯುವುದನ್ನೂ ಮರೆತರು ಎಂದು ನನ್ನ ತಂಗಿ ಆಮೇಲೆ ಹೇಳಿದಳು.

ಆ ದಿನಗಳಲ್ಲಿ ಮನೆಯಲ್ಲಿ ಒಂದೇ ಮಾತು ನಡೆದಿತ್ತು. ಊರಲ್ಲಿ ಶಾಲೆ ಏಳರವರೆಗೆ ಮಾತ್ರ. ಮುಂದೆ ಓದಬೇಕೆಂದರೆ ಮುರಗೋಡಕ್ಕೆ ಹೋಗಬೇಕು. ಬಸ್ಸು ಶಾಲೆಯ ಹೊತ್ತಿಗೆ ಬರುವುದಿಲ್ಲ. ಸೈಕಲ್ ಇದ್ದರೆ ಓದು, ಇಲ್ಲದಿದ್ದರೆ ಇಲ್ಲ. ಅಪ್ಪನ ಸೈಕಲ್ಲಿನ ದಂಡದ ಒಳಗೆ ಕಾಲು ತೂರಿಸಿ ಹೊಡೆಯುವುದನ್ನು ಹುಡುಗಿ ಎಂದೋ ಕಲಿತಿದ್ದಳು. ಆದರೆ ಹೊಲದ ದಾರಿಯಲ್ಲಿ ಆಟಕ್ಕೆ ಹೊಡೆಯುವುದು ಬೇರೆ, ದೊಡ್ಡವಳಾದ ಮೇಲೆ ಡಾಂಬರು ರಸ್ತೆಯಲ್ಲಿ ಮಂದಿಯ ಎದುರು ಹೋಗುವುದು ಬೇರೆ. ಆ ಊರಿನಿಂದ ಹಾಗೆ ಹೋದ ಹುಡುಗಿ ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ.

ಕಥೆ ಮುಗಿದ ಮರುದಿನ ಗೌಡ್ರು ಸವದತ್ತಿಗೆ ಹೋದವರು ಹೆಣ್ಣುಮಕ್ಕಳ ಸೈಕಲ್ ತಂದರು. ಯಾರೋ ಹೊಡೆದು ಬಿಟ್ಟ ಹಳೆಯ ಸೈಕಲ್ಲು, ಆದರೆ ಬೆಲ್ಲು ಹೊಸದು.

“ಕ್ವಾಟಿ ಒಡ್ಯಾನ ಹುಡುಗೀನ್ನ ಒಪ್ಕೊಂಡಾನಂದ್ರ ನಂದೇನು ತಕರಾರು?” ಅಂದರಂತೆ. “ಹತ್ತೋ ಮಗನ.”

ಜೂನಿನಲ್ಲಿ ಶಾಲೆ ಶುರುವಾಯಿತು. ನಾನು ಒಮ್ಮೆ ಬೇಕೆಂದೇ ಮುರಗೋಡದ ರಸ್ತೆಯಲ್ಲಿ ಬಸ್ಸಿಳಿದು, ಬೇಲಿಯ ಮರೆಯಲ್ಲಿ ನಿಂತೆ. ಅವಳು ಬಂದಳು. ಎರಡು ಜಡೆ, ಹಿಂದೆ ಕಟ್ಟಿದ ಪಾಟಿಚೀಲ, ತಗ್ಗು ದಾಟಿಸುವಾಗ ಹಲ್ಲು ಕಚ್ಚಿದ ಮುಖ. ನಾನು ಮರೆಯಿಂದ ಜಿಗಿದು “ಹೋಯ್!” ಎಂದೆ. ಬೇರೆ ಯಾರಾದರೂ ಬಿದ್ದಿರುತ್ತಿದ್ದರು. ಅವಳು ಬೆಲ್ಲು ಬಾರಿಸಿ, “ದಾರಿ ಬಿಡೋ ಮುದುಕ್ಯಾ!” ಎಂದು ಅರಚಿ ಹಾಗೇ ಮುಂದೆ ಹೋದಳು. ನನ್ನ ಜೀವಮಾನದಲ್ಲಿ ನನ್ನದೊಂದು ಕುಚೇಷ್ಟೆ ನನಗೇ ಬೆನ್ನು ತಿರುಗಿಸಿ ಅಷ್ಟು ಚೆಂದವಾಗಿ ಓಡಿ ಹೋದದ್ದನ್ನು ಅದೊಂದೇ ಸಲ ನೋಡಿದ್ದು.

ಗೌಡ್ರ ಅಣ್ಣ ರಾಮದುರ್ಗದಲ್ಲಿದ್ದರು. ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಶ್ರಾವಣದ ಒಂದು ರವಿವಾರ ತಮ್ಮನ ಮನೆಗೆ ಬಂದಿದ್ದರು. ಹೋಳಿಗೆಯ ವಾಸನೆ ನನಗೆ ಬೈಲಹೊಂಗಲಕ್ಕೇ ಬಡಿಯುತ್ತದೆ, ಹಾಗಾಗಿ ನಾನೂ ಇದ್ದೆ. ಊಟವಾದ ಮೇಲೆ ಗೌಡ್ರು ಹೆಮ್ಮೆಯಿಂದ ಮಗಳನ್ನು ಕರೆದರು. “ಬಾರೋ, ದೊಡ್ಡಪ್ಪಗ ಆ ಹೊಳೀದು ಓದಿ ತೋರಸು.”

ಅವಳು ಓದಿದಳು. ಮಾಸ್ತರರು ಮೊದಲು ತಲೆದೂಗಿದರು, ಆಮೇಲೆ ತಲೆ ನಿಂತಿತು.

“ತಾಳವಾ. ಇದು ಆ ಪುಸ್ತಕದಾಗ ಇಲ್ಲ. ಆ ಪುಸ್ತಕ ನನಗ ಸಾಲ್ಯಾಗ ಬಹುಮಾನ ಬಂದೈತಿ. ನೂರು ಸಲ ಓದೇನಿ.”

ಕೈಚೀಲಕ್ಕೆ ಕೈ ಹಾಕಿದರು. ನನ್ನ ದುರ್ದೈವ ನೋಡಿ. ಓದುವ ಮಗಳೊಬ್ಬಳು ಮನೆಯಲ್ಲಿದ್ದಾಳೆಂದು ಅವಳಿಗೆ ಕೊಡಲು ಅದೇ ಪುಸ್ತಕವನ್ನು ತಂದಿದ್ದರು. ಕಂದು ಕಾಗದದ ಹೊದಿಕೆ, ಒಂದು ಪುಟವೂ ಮಡಚಿರಲಿಲ್ಲ. ಕೊನೆಯ ಅಧ್ಯಾಯ ತೆರೆದು ಓದತೊಡಗಿದರು. ಆ ಹುಡುಗಿ ಹೊಳೆಯನ್ನು ಅರ್ಧ ದಾಟಿದಾಗ ಅಣ್ಣ ಬಂದು ಅವಳನ್ನೂ ಕುದುರೆಯನ್ನೂ ಉಳಿಸುತ್ತಾನೆ. ಕೋಟೆಗೆ ಸುದ್ದಿ ಮುಟ್ಟಿಸುವವನು ಅವನೇ. ಜ್ವರ ಬಂದು ಮಲಗಿದ ಹುಡುಗಿಗೆ ತನ್ನ ತಪ್ಪು ತಿಳಿಯುತ್ತದೆ. ಕುದುರೆಯ ಲಗಾಮನ್ನು ತಾನೇ ಅಣ್ಣನ ಕೈಗಿಟ್ಟು, ಅಮ್ಮನ ಹತ್ತಿರ ಕುಳಿತು ಮೊದಲ ಸಲ ಸೂಜಿಗೆ ದಾರ ಪೋಣಿಸುತ್ತಾಳೆ. ‘ಅಂದಿನಿಂದ ಅವಳನ್ನು ಯಾರೂ ಗಂಡುಬೀರಿ ಎನ್ನಲಿಲ್ಲ.’ ಅಲ್ಲಿಗೆ ಮುಗಿಯಿತು.

ಮಾಸ್ತರರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಬಾರದು, ಅವರು ಕೆಟ್ಟವರಲ್ಲ. ಆ ಸೂಜಿ ದಾರದ ಸಾಲಿಗೆ ಹುಡುಗನಾಗಿದ್ದಾಗಿನಿಂದಲೂ ಅವರಿಗೆ ಕಣ್ಣೀರು ಬರುತ್ತಿತ್ತಂತೆ. ಅದಕ್ಕಿಂತ ಚೆಂದದ ಮುಕ್ತಾಯ ಮಕ್ಕಳ ಪುಸ್ತಕದಲ್ಲೇ ಇಲ್ಲ ಎಂದು ಅವರ ನಂಬಿಕೆ.

ಅವರು ಕೆಂಪು ಬೆನ್ನಿನ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಬಾಲ್‌ಪೆನ್ನಿನ ಅಕ್ಷರ ನೋಡಿ ನಕ್ಕರು. “ಸವಾರಳು? ಇಂಥಾ ಶಬ್ದ ಕನ್ನಡದಾಗ ಇಲ್ಲವಾ.”

“ಹಂಗಾದ್ರ ಹುಡುಗಿ ಕುದುರಿ ಹತ್ತಿದ್ರ ಏನಂತಾರ ದೊಡ್ಡಪ್ಪಾ?”

“ಹತ್ತಂಗಿಲ್ಲಲ್ಲ. ಅದಕ್ಕ ಶಬ್ದನೂ ಇಲ್ಲ.”

ಆಮೇಲೆ ಅವರು ಹೊಲಿಗೆ ಬಿಡಿಸಿ ನೋಡುವ ಮೊದಲೇ ಎಲ್ಲರೂ ನನ್ನ ಕಡೆ ತಿರುಗಿದ್ದರು. ಇಂಥ ಕೆಲಸ ಯಾರದೆಂದು ನಮ್ಮ ಬಳಗದಲ್ಲಿ ಕೇಳಬೇಕಾಗಿರಲಿಲ್ಲ. ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಪಕ್ಕದ ಮನೆಯವರು ಏನೆಂದು ಕೇಳಿ ಅವರೂ ನಕ್ಕರು. ನಗದೆ ಇದ್ದವರು ಇಬ್ಬರು, ಗೌಡ್ರು ಮತ್ತು ಅವರ ಮಗಳು.

ವಾರದೊಳಗೆ ಕಥೆ ಊರು ದಾಟಿತು. ‘ಗೌಡ್ರು ಹರದ ಪುಸ್ತಕಾ ಕೇಳಿ ಮಗಳಿಗೆ ಸೈಕಲ್ ಕೊಡಿಸ್ಯಾರಂತ.’ ಕಾಳು ಮಾರುವ ಅಡತಿ ಅಂಗಡಿಯಲ್ಲಿ ಯಾರೋ ಅವರಿಗೆ ‘ಕ್ವಾಟಿ ಒಡೆಯ’ ಎಂದು ಹೆಸರಿಟ್ಟರು. ರಸ್ತೆಯಲ್ಲಿ ಹುಡುಗಿ ಹೋಗುವಾಗ “ಕುದುರಿ ಬಂತು, ಕುದುರಿ ಬಂತು” ಎಂದು ಹುಡುಗರು ಟೊಕ್ ಟೊಕ್ ಸದ್ದು ಮಾಡತೊಡಗಿದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಅಪ್ಪ ಕೆಡಿಸಿಕೊಂಡ. ಒಂದು ಬೆಳಿಗ್ಗೆ ಸೈಕಲ್ಲನ್ನು ಅಟ್ಟದ ಮೇಲೆ ಏರಿಸಿಬಿಟ್ಟ.

ತಂಗಿ ಹೇಳಿ ಕಳಿಸಿದಳು. ನಾನು ಓಡಿ ಹೋದೆ. ಇಡೀ ತಾಲೂಕನ್ನು ನಗಿಸಿದವನು, ಒಬ್ಬ ಗೌಡನನ್ನು ಒಲಿಸುವುದು ಏನು ಮಹಾ ಎಂಬ ಧೈರ್ಯ.

“ಗೌಡ್ರ, ತಪ್ಪು ನಂದು. ಚಾಷ್ಟಿ ಮಾಡಿದೆ. ಹುಡುಗೀ ಓದಿಗೂ ನನ್ನ ಪುಸ್ತಕಕ್ಕೂ ಏನು ಸಂಬಂಧ? ಸಾಲಿ ಖರೇ ಐತಿ, ಸೈಕಲ್ ಖರೇ ಐತಿ.”

“ನನಗೂ ಗೊತ್ತೈತ್ರಿ,” ಎಂದ ಅವನು. ಸಿಟ್ಟಿನಿಂದಲ್ಲ. ಅವನ ದನಿಯಲ್ಲಿ ಅಳುಕಿತ್ತು. “ಆದ್ರ ಸಾವಕಾರ್ರ, ನಗಸೂದ್ರಾಗ ನೀವು ಭಾಳ ಶಾಣ್ಯಾರು. ಈಗ ಆ ಮಂದಿ ನಗೂದು ನಿಲ್ಲಸ್ರಿ ನೋಡೋಣು. ನಿಲ್ಲಸ್ರಿ, ನಾಳೇನ ಸೈಕಲ್ ಇಳಸ್ತೇನಿ.”

ನನಗೆ ಆ ವಿದ್ಯೆ ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ಅಡತಿ ಅಂಗಡಿಗೆ ಹೋಗಿ ನಾಲ್ಕು ಮಂದಿಗೆ ಬೈದು ನೋಡಿದೆ. ನಾನು ಬೈದರೆ ಅದೂ ಚಾಷ್ಟಿಯೇ ಎಂದುಕೊಂಡು ಇನ್ನಷ್ಟು ನಕ್ಕರು.

ಗೌಡ್ರ ಮನೆಯಿಂದ ಹೊರಡುವಾಗ ಹುಡುಗಿ ಬಾಗಿಲಿಗೆ ಬಂದಳು. “ಒಳಗ ಹೋಗವಾ,” ಎಂದ ಅಪ್ಪ. ‘ಬಾರೋ, ಹೋಗೋ’ ಅವನ ಬಾಯಿಂದ ಹೊರಟು ಹೋಗಿದ್ದವು. ಅವಳು ಒಳಗೆ ಹೋಗುವ ಮೊದಲು ಕೆಂಪು ಬೆನ್ನಿನ ಪುಸ್ತಕವನ್ನು ನನ್ನ ಕೈಗಿಟ್ಟಳು. “ನಿಮ್ಮ ಪುಸ್ತಕಾ ತಗೋರಿ ಮಾಮಾ.” ಅಲ್ಲಿಯವರೆಗೆ ಅವಳು ನನಗೆ ನೀನು ಎನ್ನುತ್ತಿದ್ದಳು.

ಎರಡು ವರ್ಷ ಮನೆಯಲ್ಲಿದ್ದಳು. ಆಮೇಲೆ ಸುರೇಬಾನದ ಕಡೆ ಕೊಟ್ಟರು. ಗಂಡ ಒಳ್ಳೆಯವನು, ಮನೆ ಒಳ್ಳೆಯದು. ಅದರಲ್ಲಿ ಕೊಂಕು ತೆಗೆಯಲು ನನಗೇನೂ ಸಿಗಲಿಲ್ಲ, ಹುಡುಕಿದರೂ.

ಎಷ್ಟೋ ವರ್ಷ ನಾನು ಒಂದು ವಿಷಯಕ್ಕೆ ಮಾತ್ರ ಕೊರಗಿದೆ. ಆ ಕುಚೇಷ್ಟೆ ಮಾಡಿದ್ದಕ್ಕಲ್ಲ, ಅದನ್ನು ಒಂದೇ ಪ್ರತಿಗೆ ಮಾಡಿದ್ದಕ್ಕೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಎಷ್ಟು ಶಾಲೆಗಳ ಕಪಾಟು ನನ್ನ ಕೈಯಲ್ಲಿ ಹಾದು ಹೋಗಿದ್ದವು! ಎಲ್ಲ ಪ್ರತಿಗಳಿಗೂ ಆ ಬಾಲವನ್ನೇ ಹೊಲಿದಿದ್ದರೆ, ಮಾಸ್ತರರ ಬಹುಮಾನದ ಪ್ರತಿಯನ್ನೇ ಎಲ್ಲರೂ ತಪ್ಪು ಎನ್ನುತ್ತಿದ್ದರು. ಹೀಗೆ ಲೆಕ್ಕ ಹಾಕಿ ಹಾಕಿ ನನ್ನ ಕೂದಲು ಬೆಳ್ಳಗಾಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಮಾಸ್ತರರು ತೀರಿಕೊಂಡರು. ಅವರ ಮಗ ಅಪ್ಪನ ಪುಸ್ತಕಗಳನ್ನು ನನಗೆ ಒಪ್ಪಿಸಿದ. ಅಂದು ಹುಡುಗಿ ತೆಗೆದುಕೊಳ್ಳದೆ ಬಿಟ್ಟ ಆ ಕಂದು ಹೊದಿಕೆಯದೂ ಅವುಗಳಲ್ಲಿ ಇತ್ತು. ಅಷ್ಟೊತ್ತಿಗೆ ಆ ಹುಡುಗಿಯ ಮಗಳು, ಅಂದರೆ ತಂಗಿಯ ಮೊಮ್ಮಗಳು, ಎಂಟನೆಯ ಇಯತ್ತೆಗೆ ಬಂದಿದ್ದಳು. ಸರ್ಕಾರದವರು ಶಾಲೆಯಲ್ಲಿ ಎಲ್ಲ ಹುಡುಗಿಯರಿಗೂ ಸೈಕಲ್ ಕೊಟ್ಟಿದ್ದರು. ಸುರೇಬಾನದ ರಸ್ತೆಯಲ್ಲಿ ಅವರು ಸಾಲಾಗಿ ಮಾತಾಡಿಕೊಂಡು ಹೋಗುತ್ತಿದ್ದರೆ, ಬಸ್ಸಿನವನೇ ಹಾರ್ನ್ ಹೊಡೆದು ಹೊಡೆದು ಹಿಂದೆ ನಿಲ್ಲಬೇಕಾಗಿತ್ತು. ನೋಡಿ ಯಾರೂ ನಗುತ್ತಿರಲಿಲ್ಲ. ಬರಲಿದ್ದ ಕಾಲ ಇಷ್ಟು ಹತ್ತಿರದಲ್ಲೇ ಇತ್ತು.

ಸುರೇಬಾನದ ಅವರ ಮನೆಗೆ ಹೋದಾಗ ಆ ಕಂದು ಹೊದಿಕೆಯ ಪುಸ್ತಕವನ್ನು ಮೊಮ್ಮಗಳಿಗೆ ಕೊಟ್ಟೆ. ಮರುದಿನ ಅವಳು ಸಮವಸ್ತ್ರದಲ್ಲೇ ನನ್ನ ಮುಂದೆ ಬಂದು ಅದನ್ನು ಧಪ್ಪೆಂದು ಇಟ್ಟಳು.

“ಅಜ್ಜಾ, ಈಕೀಗೆ ಹುಚ್ಚಗಿಚ್ಚ ಹಿಡದಿತ್ತೇನು? ಅಷ್ಟು ಚಂದ ಕುದುರಿ ಹೊಡಿಯಾಕಿ, ತಗೊಂಡು ಹೋಗಿ ಅಣ್ಣಗ ಯಾಕ ಕೊಟ್ಲು?”

“ಜ್ವರಾ ಬಂದಿತ್ತವಾ.”

“ಜ್ವರಾ ಬಂದ್ರ ಗುಳಿಗಿ ತಗೋಬೇಕು, ಸೂಜಿ ಅಲ್ಲ. ಇದನ್ನ ಬರದಾಂವ ಹೆಣ್ಮಕ್ಕಳನ್ನ ನೋಡಿದ್ನೋ ಇಲ್ಲೋ? ಅಣ್ಣಗ ನೆಗಡಿ ಬಂದಿದ್ರ ಅಂವಾ ರೊಟ್ಟಿ ಬಡಿತಿದ್ನೇನು?”

ಇಷ್ಟು ಹೇಳಿ ಸೈಕಲ್ ಹತ್ತಿ ಶಾಲೆಗೆ ಹೋದಳು. ಅವಳ ತಾಯಿ, ನನ್ನ ತಂಗಿಯ ಮಗಳು, ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಎಲ್ಲವನ್ನೂ ಕೇಳುತ್ತಿದ್ದಳು. ನನಗೆ ಹುಮ್ಮಸ್ಸು ಬಂತು. ಚೀಲದಿಂದ ಹಳೆಯ ಕೆಂಪು ಬೆನ್ನಿನದನ್ನು ತೆಗೆದೆ.

“ನೋಡು, ಇದಿನ್ನೂ ನನ್ನ ಕಡೇನ ಐತಿ. ಹೊಸಾ ರಟ್ಟು ಹಾಕಿ ಕೊಡ್ತೇನಿ. ನಿನ್ನ ಮಗಳು ಈ ಕಡೀ ಅಧ್ಯಾಯ ಓದ್ಲಿ. ಖುಷಿ ಆಗ್ತಾಳ.”

ಅವಳು ಜೋಳದ ಮೊರ ಕೆಳಗಿಟ್ಟು ಪುಸ್ತಕವನ್ನು ತೆರೆದಳು. ತನ್ನದೇ ಅಕ್ಷರವನ್ನು ಬಹಳ ಹೊತ್ತು ನೋಡಿದಳು.

“ಬ್ಯಾಡ್ರಿ ಮಾಮಾ. ಆಕಿ ಸಿಟ್ಟಿಗೆದ್ದಾಳಲ್ಲ, ಇರಲಿ. ನಾ ಇದನ್ನ ಓದಿ ಖುಷಿ ಆಗಿದ್ದೆ. ಅದಕ್ಕ ನನಗ ಸಿಟ್ಟು ಬರೂದು ತಡಾ ಆತು.”

“ಆದ್ರ ಇದ್ರಾಗ ಆಕಿ ಗೆಲ್ತಾಳಲ್ಲ.”

“ಆಕಿ ಎಲ್ಲಿ ಗೆದ್ಲರಿ? ನೀವು ಹೊಲದಿದ್ದು ಹುಡುಗನ ಕಥೀನ ಅಲ್ರೇನು? ಆಕೀ ಕಥಿ ಯಾರೂ ಬರದಿರಲೇ ಇಲ್ಲ. ನಾ ಬರೇ ‘ಳು’ ಹಚ್ಚಿದ್ದೆ.”

ಅವಳು ಚುಚ್ಚಲು ಹೇಳಲಿಲ್ಲ, ಜೋಳದಲ್ಲಿ ಕಲ್ಲು ಕಂಡರೆ ಹೇಳುವ ಹಾಗೆ ಹೇಳಿದಳು. ನಾನು ಜೀವಮಾನವೆಲ್ಲ ಜಂಬ ಕೊಚ್ಚಿಕೊಂಡ ಆ ಕುಚೇಷ್ಟೆಯಲ್ಲಿ ಹುಡುಗಿಯದು ಎನ್ನುವುದು ಏನೂ ಇರಲಿಲ್ಲ. ಎಲ್ಲ ಪ್ರತಿಗಳಿಗೂ ಹೊಲಿದಿದ್ದರೂ ಇರುತ್ತಿರಲಿಲ್ಲ. ಗೋಣಿಚೀಲಗಟ್ಟಲೆ ಮಕ್ಕಳ ಪುಸ್ತಕ ಕಟ್ಟಿದ ನನ್ನ ಕೈಗೆ, ಹುಡುಗಿಯೇ ದಡ ಮುಟ್ಟುವ ಒಂದೇ ಒಂದು ಫಾರಂ ಸಿಕ್ಕಿರಲಿಲ್ಲ. ಸಿಕ್ಕಿಲ್ಲವಲ್ಲ ಎಂದು ಹುಡುಕಿಯೂ ಇರಲಿಲ್ಲ.

ಏನಾದರೂ ಕೊಡಲೇಬೇಕು ಅನ್ನಿಸಿತು. “ಈಗರೇ ಹತ್ತನೇತ್ತಾ ಪರೀಕ್ಷಾಕ್ಕ ಕೂಡವಾ. ಮನ್ಯಾಗ ಓದಿ ಬರೀಬಹುದಂತ. ಪುಸ್ತಕಾ ನಾ ತಂದು ಕೊಡ್ತೇನಿ, ಹೊಸಾವು.”

ಅವಳು ನಕ್ಕಳು. “ಆಗ ನನಗ ಸೈಕಲ್ ಹತ್ತಿ ಸಾಲಿಗೆ ಹೋಗೂದು ಬೇಕಾಗಿತ್ತು ಮಾಮಾ. ಈಗ ನೀವು ಮನ್ಯಾಗ ಕುಂತು ಪಾಸಾಗೂದು ಕೊಡಾಕ ಹತ್ತೀರಿ.”

ಆಮೇಲೆ ಅವಳಿಗೆ ನನ್ನ ಬಗ್ಗೆ ಪಾಪ ಅನ್ನಿಸಿರಬೇಕು, ಚಹಾ ಇಡಲು ಎದ್ದಳು. “ಒಂದು ಕೆಲಸಾ ಮಾಡ್ರಿ,” ಎಂದು ಮೊರವನ್ನು ನನ್ನ ಕಡೆ ಸರಿಸಿ ಹೋದಳು. ನಾನು ಕನ್ನಡಕ ಹಾಕಿಕೊಂಡು ಜೋಳದಲ್ಲಿನ ಕಲ್ಲು ಆರಿಸುತ್ತ ಕುಳಿತೆ. ಅಂಥ ಕೆಲಸ ನಾನು ಅಲ್ಲಿಯವರೆಗೆ ಮಾಡಿರಲಿಲ್ಲ, ಬಹಳ ಕೆಟ್ಟದಾಗಿ ಮಾಡಿದೆ.